ಬಿಚ್ಚಿ ನೋಡದ ಕಟ್ಟು

ಅವ್ವನ ಬಲಮೊಣಕಾಲಿನಿಂದ ತೆಗೆದ ನೀರು
ಹನ್ನೆರಡು ಎಂ.ಎಲ್., ಹೊಸ ಕುಸುಬಿ ಎಣ್ಣೆಯ ಬಣ್ಣ.
ನಳಿಕೆಗೆ ಹೆಸರಿಲ್ಲ. ನಲವತ್ತೊಂದು ಎಂದು ನಾನೇ ಬರೆದೆ.
ಬರೆಯುವಾಗ ಕೈ ನಡುಗಲಿಲ್ಲ,
ನಡುಗಿದ್ದು ಯಂತ್ರದ ಮುಚ್ಚಳ ಹಾಕುವಾಗ.

ಸುತ್ತಿಸಿದಾಗ ಮೊದಲು ಕೋಶಗಳು ತಳಕ್ಕೆ ಕೂತವು,
ಆಮೇಲೆ ಅವುಗಳ ಚೂರು,
ಎಷ್ಟೋ ತಾಸಿನ ಮೇಲೆ ಗಾಜಿಗಂಟಿದ ಒಂದು ಮಸುಕು:
ಎಕ್ಸೋಸೋಮ್.
ಕೂದಲೆಳೆಯ ಅಗಲಕ್ಕೆ ಸುಮಾರು ಸಾವಿರ
ಸಾಲಾಗಿ ನಿಲ್ಲುವಷ್ಟು ಸಣ್ಣ ಪೊಟ್ಟಣ.
ಸಾವಿರದ ಲೆಕ್ಕ ನಮ್ಮ ಮನೆಗೆ ಹೊಸದಲ್ಲ.

ಸೊಲ್ಲಾಪುರದ ಅಂಚು, ಕುಂಭಾರಿಯ ಖೋಲಿ.
ಅವ್ವ ರೇವವ್ವ ಮೂವತ್ತಾರು ವರ್ಷ ಕೂತದ್ದು ಒಂದೇ ಮೂಲೆಗೆ,
ಬಲಗಾಲು ಮಡಚಿ, ತೊಡೆಯ ಮೇಲೆ ಮೊರ:
ಎಲೆ ನೆನೆಸು, ಕತ್ತರಿಸು, ತಂಬಾಕು ಹಾಸು, ಸುತ್ತು,
ಉಗುರಿನಿಂದ ಬಾಯಿ ಮುಚ್ಚು, ಕೆಂಪು ದಾರ.
ಇಪ್ಪತ್ತೈದಕ್ಕೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಒಂದು ದಿನ.
ಏಳಲು ಗೋಡೆ ಬೇಕು.
ಸುಣ್ಣ ಎಷ್ಟು ಬಳಿದರೂ ಅಲ್ಲಿ ಅವಳ ಅಂಗೈ ಮೂಡುತ್ತದೆ.

ಕೀಲಿನ ಮೃದ್ವಸ್ಥಿಗೆ ರಕ್ತದ ದಾರಿಯಿಲ್ಲ,
ನೋವಿನ ನರವಿಲ್ಲ. ಸವೆಯುವಾಗ ಕೂಗುವುದಿಲ್ಲ.
ಒಂದೊಂದು ಗೂಡಿಗೆ ಒಂದೊಂದು ಕೋಶ, ನೆರೆಮನೆಗೆ ಬಾಗಿಲಿಲ್ಲ.
ಸುದ್ದಿ ಬಂದರೆ ನೀರಿನಲ್ಲಿ ತೇಲಿ ಬರಬೇಕು.
ಉರಿಯುವ ಪೊರೆ ಕಳಿಸಿದ ಪೊಟ್ಟಣ ಬಿಚ್ಚಿದರೆ
ಕೆಡವು, ಕೆಡವು ಎಂಬ ಅಪ್ಪಣೆ.
ಕಾಂಡಕೋಶ ಕಳಿಸಿದ್ದಾದರೆ: ಸಾಯಬೇಡ, ಇನ್ನೊಂದಿಷ್ಟು ನೇಯಿ.
ಹೊರಗಿನಿಂದ ಎರಡೂ ಒಂದೇ,
ಕೊಬ್ಬಿನ ತೆಳು ಎಲೆ ಸುತ್ತಿದ ದುಂಡು.

ಮೊದಲು ಕಂಡವರು ಇದನ್ನು
ಕೋಶ ಹೊರಗೆಸೆದ ಕಸ ಎಂದುಕೊಂಡಿದ್ದರಂತೆ.
ಅವ್ವ ಎಲೆಯ ಚೂರು ಎಸೆದವಳಲ್ಲ.
ನಮ್ಮ ಸಾಲಿ ದಿನಗಳ ಸ್ನಾನದ ನೀರು ಕಾದದ್ದು ಅದರಿಂದ.

ಸ್ಟೇಷನ್ ಹತ್ತಿರ ಹೊಸ ದವಾಖಾನೆ.
ಮರಾಠಿಯಲ್ಲೂ ಕನ್ನಡದಲ್ಲೂ ಹಂಚಿದ ಚೀಟಿ:
ಎಕ್ಸೋಸೋಮ್ ಸೂಜಿ, ಒಂದೇ ಭೇಟಿ, ಅರವತ್ತು ಸಾವಿರ.
ತಂಗಿ ಮಹಾನಂದಾ ಭಿಶಿ ಎತ್ತಿ ರೊಕ್ಕ ಎಣಿಸಿ ಇಟ್ಟಿದ್ದಳು.
“ನೀ ಹೇಳು,” ಅಂದಳು ಅವ್ವ,
“ನಿನ್ನ ಮಷೀನಿನ್ಯಾಗ ನೋಡಿಯಲ್ಲ.”

ಹೇಳಿದೆ. ಮೊಲದ ಮೊಣಕಾಲಿನ ಗುಳಿ ತುಂಬಿದ್ದು ನಿಜ.
ಇಲಿಯ ಕುಂಟು ಇಳಿದದ್ದು ನಿಜ.
ಮನುಷ್ಯರ ಲೆಕ್ಕ ಇನ್ನೂ ಬರೆಯುತ್ತಿದ್ದಾರೆ.
ಆ ಶೀಶೆಯಲ್ಲಿ ಎಷ್ಟಿವೆ, ಯಾವ ಕೋಶದವು,
ಒಳಗೆ ಯಾವ ಅಪ್ಪಣೆ, ಚೀಟಿಯಲ್ಲಿ ಇಲ್ಲ.

ಅವ್ವ ಸ್ವಲ್ಪ ಹೊತ್ತು ದಾರದ ಉಂಡೆ ಹುಡುಕಿದಳು.
ಅದು ಮಡಿಲಲ್ಲೇ ಇತ್ತು.
“ಗುಂಡ್ಲಾ ಮುನೀಮ ನನ್ನ ಕಟ್ಟು ಬಿಚ್ಚತಿದ್ದ,
ಹಿಚಿಕಿ ನೋಡತಿದ್ದ, ನೂರಕ್ಕ ಎಂಟು ಮುರದು ಒಗೀತಿದ್ದ.
ಹಾದಿ ತುಂಬ ಬೈಕೋತ ಬರತಿದ್ನಿ.
ಸೇದಿ ಉಗಳೋ ಬೀಡಿಗೇ ಅಷ್ಟು ತಪಾಸಣಿ ಇತ್ತಂದ್ರ,
ಬಿಚ್ಚಿ ನೋಡದ ಕಟ್ಟು ನನ್ನ ಮೊಣಕಾಲಾಗ್ಯಾಕ ತುಂಬಿಸ್ಕೊಳ್ಳಲಿ?
ಮಹಾನಂದಾನ ರೊಕ್ಕ ಹೊಳ್ಳಿ ಕೊಡು.”

ಅವಳು ಕಟ್ಟಿದ್ದು ಯಾರ್ಯಾರ ಎದೆಗೂಡಿಗೆ ಹೋಗಿ
ಏನು ಅಪ್ಪಣೆ ಕೊಟ್ಟಿತೋ,
ಅದನ್ನು ನಾವು ಮನೆಯಲ್ಲಿ ಮಾತಾಡುವುದಿಲ್ಲ.
ನನ್ನ ಫೀ ಕಟ್ಟಿದ್ದು ಅದೇ.

ನಲವತ್ತೊಂದು ಈಗ ಮೈನಸ್ ಎಂಬತ್ತರಲ್ಲಿದೆ,
ನಲವತ್ತಕ್ಕೂ ನಲವತ್ತೆರಡಕ್ಕೂ ನಡುವೆ.
ಅವರು ಯಾರ ಅವ್ವಂದಿರೋ.

ಸಂಜೆ ಗೋಡೆ ಹಿಡಿದು ಎದ್ದಳು.
ಬಾಗಿಲಿನವರೆಗೆ ಹೋಗಿ ಬರುವುದು, ಹತ್ತು ಸಲ ಎಂದಿದ್ದರು ಡಾಕ್ಟರು.
ಆರಕ್ಕೆ ನಿಂತು ಉಸಿರು ತಗೊಂಡು ಕೇಳಿದಳು:
“ಆ ನಿನ್ನ ಪುಡಿಕಿಗೆ ದಾರ ಯಾರು ಸುತ್ತತಾರ?”
ದಾರ ಇರಂಗಿಲ್ಲವ್ವ, ಅಂದೆ.
“ದಾರಿಲ್ಲದ ಕಟ್ಟು?”
ಬಿದ್ದು ಬಿದ್ದು ನಕ್ಕಳು, ಗೋಡೆ ಬಿಡದೆ.
“ನಪಾಸು.”