ಮಂಗಳವಾರದ ಟಿಟ್ಟಿಭ

ಹಾಲಿನ ಲಾರಿ ಹೋದ ಮೇಲೆ, ಮಂಗಳವಾರ ಸಂಜೆ,
ಮುಚ್ಚಿಹೋದ ಶಾಲೆಯ ಜಿಮ್ಮಿನಲ್ಲಿ ನಾವು ಆರು ಜನ.
ಬ್ಯಾಸ್ಕೆಟ್‌ಬಾಲಿನ ಮಾಸಿದ ಗೆರೆಗಳ ಮೇಲೆ ಚಾಪೆ.
ಮೂಗು ನೆಲಕ್ಕೆ ಬಂದಾಗ
ಇನ್ನೂ ಮಕ್ಕಳ ಬೆವರಿನ ವಾಸನೆ.

ಹೇಳಿಕೊಡುವವಳು ಶಾರ್ದಾ ರಾಮಖೇಲಾವನ್.
ಅವಳ ಮುತ್ತಜ್ಜಿ ಕಬ್ಬು ಕಡಿಯಲು ಸುರಿನಾಮಿನ ಹಡಗು ಹತ್ತಿದವಳು;
ಇವಳು ಹೇಗ್ ನಗರದಿಂದ ಎರಡು ರೈಲು ಬದಲಿಸಿ
ನಮ್ಮ ಫ್ರೀಸ್‌ಲ್ಯಾಂಡಿನ ಗಾಳಿಗೆ ಬಂದವಳು.
"ಕುಕ್ಕರಗಾಲಲ್ಲಿ ಕೂತು, ಭುಜವನ್ನು ಮಂಡಿಯ ಹಿಂದಕ್ಕೆ ತೂರಿಸಿ.
ತೊಡೆ ತೋಳಿನ ಮೇಲೆ. ಈಗ ಅಂಗೈಯಿಂದ ನೆಲವನ್ನು ತಳ್ಳಿ, ಹಿಂಕೆ.
ಹಾರಬೇಡಿ. ತಳ್ಳಿ."

ತಳ್ಳಿದೆ. ದೊಪ್ಪನೆ ಕುಂಡೆ ನೆಲಕ್ಕೆ.
ಐವತ್ತೊಂಬತ್ತು ವರ್ಷ;
ಅದರಲ್ಲಿ ನಲವತ್ತು ಕೆಚ್ಚಲಿನ ಕೆಳಗೇ ಕಳೆದ ಮಂಡಿ.
ಹೋದ ಚಳಿಗಾಲ ಕಾಲು ಕೈಕೊಟ್ಟಿತು.
ಕೊಟ್ಟ ಆ ಕೈಯನ್ನೇ
ಕಾಲು ಮಾಡಿಕೋ ಅನ್ನುತ್ತಾಳಲ್ಲ ಇವಳು!

"ಇದು ಟಿಟ್ಟಿಭ," ಅಂದಳು, "ಒಂದು ಹಕ್ಕಿ.
ಬಯಲಲ್ಲೇ ಮೊಟ್ಟೆ, ಬಾಯಿ ಬಲು ಜೋರು."
ಆರೂ ಜನ ನಕ್ಕೆವು. ಗೊತ್ತಿಲ್ಲವೇ ನಮಗೆ!
ನಮ್ಮ ಭಾಷೆಯಲ್ಲಿ ಅದು ಲ್ಯಿಪ್,
ನಮ್ಮದಕ್ಕೆ ಜುಟ್ಟೂ ಉಂಟು.
ಮಾರ್ಚಿಯಲ್ಲಿ ಅದರ ಮೊದಲ ಮೊಟ್ಟೆ ಹುಡುಕಿದವನೇ
ಆ ವರ್ಷದ ದೊರೆ ನಮ್ಮೂರಿಗೆ.
ಅಪ್ಪ ಒಮ್ಮೆ ತಂದಿದ್ದ,
ಟೋಪಿಯೊಳಗಿಟ್ಟು, ಬರಿದಲೆಯಲ್ಲಿ, ಸುರಿವ ಆಲಿಕಲ್ಲಿನಲ್ಲಿ.

ಕಾಲುವೆ ದಾಟಲು ಆಗ ಉದ್ದನೆಯ ಗಳ.
ಓಡಿ, ನೆಗೆದು, ಗಳ ಹಿಡಿದು ಮೇಲಮೇಲಕ್ಕೆ ಹತ್ತುತ್ತಿದ್ದರೆ
ನಡುನೀರಲ್ಲಿ ಒಂದು ಗಳಿಗೆ ಅದು ನೆಟ್ಟಗೆ ನಿಲ್ಲುತ್ತದೆ.
ಈ ದಡದ್ದೂ ಅಲ್ಲ, ಆ ದಡದ್ದೂ ಅಲ್ಲ,
ಇಡೀ ಹುಡುಗಿ ಎರಡು ಮುಷ್ಟಿಯಲ್ಲಿ.
ಬೀಳುವುದು ಆಮೇಲೆ. ಎತ್ತ ಅನ್ನುವುದೂ ಆಮೇಲೆ.

ಶಾರ್ದಾ ಕತೆ ಹೇಳಿದಳು:
ಆಕಾಶ ಬಿದ್ದೀತೆಂದು ಟಿಟ್ಟಿಭ
ಕಾಲು ಮೇಲೆತ್ತಿಕೊಂಡೇ ಮಲಗುತ್ತದಂತೆ.
ಮೊಟ್ಟೆ ಕದ್ದ ಕಡಲನ್ನು
ಕೊಕ್ಕಿನಿಂದಲೇ ಬತ್ತಿಸಹೊರಟಿತ್ತಂತೆ;
ಗರುಡ ಬಂದನಂತೆ, ಕಡಲು ಸೋತು ಮೊಟ್ಟೆ ಒಪ್ಪಿಸಿತಂತೆ.

ಏರಿಯ ಬುಡದ ದಾರಿಯಲ್ಲಿ ಸೈಕಲ್ ತುಳಿಯುತ್ತ ಅದೇ ಯೋಚನೆ.
ಇಲ್ಲಿ ಆಕಾಶ ಬೀಳುವ ಭಯ ಯಾರಿಗೂ ಇಲ್ಲ.
ಏರಿಯ ಆಚೆ ಕಡಲು,
ಭರತದ ಹೊತ್ತಿಗೆ ನನ್ನ ತಲೆಗಿಂತ ಎತ್ತರದಲ್ಲಿ,
ದನದ ಹಾಗೆ ಉಸಿರಾಡುತ್ತ ನಿಂತಿರುತ್ತದೆ.
ಬುಟ್ಟಿ ಬುಟ್ಟಿ ಜೇಡಿ ಹೊತ್ತು ಅದನ್ನು ಆಚೆ ತಳ್ಳಿದವರು ನಾವು.
ಹಾರಲಿಲ್ಲ. ತಳ್ಳಿದೆವು.
ಗರುಡ ಗಿರುಡ ಯಾರೂ ಬರಲಿಲ್ಲ.

ಈಗ ಮೊಟ್ಟೆ ಮುಟ್ಟುವಂತಿಲ್ಲ.
ಹುಡುಕಿ, ಎರಡು ಬಿದಿರುಕಡ್ಡಿ ನೆಟ್ಟು ಬರುತ್ತೇನೆ,
ಟ್ರ್ಯಾಕ್ಟರ್ ಬಳಸಿ ಹೋಗಲಿ ಅಂತ.
ಮೊನ್ನೆ ಏಪ್ರಿಲಿನ ಬೆಳಗ್ಗೆ, ತೇವದ ಹುಲ್ಲಲ್ಲಿ, ನಾಲ್ಕು:
ಚೂಪು ತುದಿಗಳೆಲ್ಲ ಒಳಮುಖ,
ಗುಟ್ಟು ಮಾತಾಡುವ ಹುಡುಗಿಯರ ಹಾಗೆ.
ತಲೆಯ ಮೇಲೆ ತಾಯಿ ಕಿರುಚಿ ಕಿರುಚಿ ಬೈಯುತ್ತಿದೆ.
ಕಡ್ಡಿ ನೆಟ್ಟು, ಹತ್ತು ಹೆಜ್ಜೆ ದೂರ ಸರಿದು,
ಯಾಕೋ ಬೂಟು ಕಳಚಿದೆ.
ಕುಕ್ಕರಿಸಿದೆ. ಅಂಗೈ ಊರಿದೆ ಕೆಸರಿಗೆ.

ಚಾಪೆಯ ಮೇಲೆ ಬಾರದ್ದು ಬಂತು.
ಪಾದ ಹಗುರಾಯಿತು, ಕಾಲು ಎರಡೂ ಮುಂದಕ್ಕೆ ಚಾಚಿ,
ಹರಿದ ಕಾಲುಚೀಲದಿಂದ ಹೆಬ್ಬೆರಳು ಇಣುಕಿ,
ಒಂದು ಉಸಿರು.
ಎರಡು.

ಟ್ರ್ಯಾಕ್ಟರ್ ನಿಂತ ಸದ್ದು. ನೆರೆಮನೆಯ ಯೆಲ್ಮರ್,
ಇಂಜಿನ್ ಆರಿಸಿ, ಗಾಬರಿಯಲ್ಲಿ:
"ಹಿಂಕೆ! ಬಿದ್ದೆಯಾ?"
"ಇನ್ನೂ ಇಲ್ಲ," ಅನ್ನುತ್ತಲೇ ಬಿದ್ದೆ.

ಅವನು ಕಡ್ಡಿಗಳನ್ನು ಬಳಸಿ ಹೋದ.
ಎದ್ದು ನೋಡಿದರೆ
ಅಂಗೈ ಊರಿದಲ್ಲಿ ಎರಡು ಗುಳಿ,
ಬೆರಳು ಬೆರಳೂ ಮೂಡಿವೆ.
ಅಡಿಯಿಂದ ನೀರು
ಆಗಲೇ ಜಿನುಗುತ್ತಿತ್ತು.