ಎರಡನೆಯ ಗೆರೆ

ಶಹಾಬಾದಿನಲ್ಲಿ ಎಲ್ಲವೂ ಪರಸಿ ಕಲ್ಲಿನ ಬಣ್ಣ:
ಗೋಡೆ, ಮೆಟ್ಟಿಲು, ಹುಬ್ಬಿನ ಮೇಲಿನ ಧೂಳು.
ಅದಕ್ಕೇ ಹುಡುಗ ಲ್ಯಾಬಿನ ಬಾಗಿಲಲ್ಲಿ ನಿಂತಾಗ
ಅವನ ಕಣ್ಣು ಅಷ್ಟು ದೂರದಿಂದಲೇ ಕಂಡವು,
ಅರಿಶಿನ ನೀರಲ್ಲಿ ಅದ್ದಿದ ಹತ್ತಿ.

"ಕಾಮಣಿ ಆಗ್ಯಾದ್ರಿ," ಅಂದಳು ಚಿಗವ್ವ ಮೋನಮ್ಮ,
ಏಳು ತಿಂಗಳ ಹೊಟ್ಟೆಯ ಮೇಲೆ ಸೆರಗೆಳೆದು.
ಅವನ ಮೊಣಕೈ ಮೇಲೆ ಆಗಲೇ ಒಂದು ಬರೆ, ಇನ್ನೂ ಹಸಿ.
ವಾಡಿ ಕಡೆಯ ಯಾರೋ ಹಾಕಿದ್ದಂತೆ,
ಐವತ್ತು ರೂಪಾಯಿ, ಒಂದು ತೆಂಗಿನಕಾಯಿ.
ನೊಣ ಓಡಿಸಿದೆ. ಬೈಯಲಿಲ್ಲ.

ಗಾದೆ ಸುಳ್ಳು.
ಕಾಮಣಿ ಕಣ್ಣಿಗೆ ಲೋಕ ಹಳದಿ ಕಾಣುವುದಿಲ್ಲ,
ಅವನನ್ನೇ ಕೇಳಿದೆ. "ಕಲ್ಲು ಕಲ್ಲಿನಂಗೇ ಅದಾವ್ರಿ,
ಅನ್ನ ಮಾತ್ರ ವಾಸನಿ ಹೊಡಿತದ."

ಬಂದದ್ದು ಎ.
ಚರಂಡಿ ದಾಟುವ ಪೈಪಿನ ಬಿರುಕಿನಲ್ಲಿ ಕೂತು ಬರುವ ಆಸಾಮಿ.
ಗದ್ದಲ ಜಾಸ್ತಿ: ಜ್ವರ, ವಾಂತಿ,
ಓಣಿಗೆಲ್ಲ ಕಾಣುವ ಬಣ್ಣ.
ತಿಂಗಳೋ ಎರಡು ತಿಂಗಳೋ, ಎದ್ದು ಹೋಗುತ್ತಾನೆ,
ಹೋದ ಮೇಲೆ ಹೆಸರು, ಬರೆ ಹಾಕಿದವನಿಗೆ.

ಇವನ ದಾಯಾದಿಯೊಬ್ಬ, ಇ. ಅದೇ ನೀರು, ಅದೇ ಬಿರುಕು.
ಬಸುರಿಯ ಮೈ ಹೊಕ್ಕರೆ ಮಾತ್ರ ಅವನ ಗುಣವೇ ಬೇರೆ.
ಅದೇ ನಲ್ಲಿಯ ನೀರು ಕುಡಿಯುವವಳಲ್ಲವೇ ಇವಳೂ?
ತಾಯಿ ಕಾರ್ಡಿನಲ್ಲಿ ರಕ್ತದ ಸಾಲುಗಳೂ ಖಾಲಿ.
"ನಿಂದೂ ನಾಕು ಹನಿ ಕೊಡವ್ವ," ಅಂದೆ.

ಇ ಇರಲಿಲ್ಲ.
ಬಿ ಎಂದು ಬರೆದ ಪಟ್ಟಿಯಲ್ಲಿ
ಮೊದಲ ಗೆರೆ ಬಂತು, ಬರಲೇಬೇಕಾದದ್ದು.
ಗಡಿಯಾರ ನೋಡುತ್ತ ಕೂತೆ.
ಎರಡನೆಯದೂ ಬಂತು,
ಯಾರೋ ಹಿಂಜರಿಯುತ್ತ ಪೆನ್ಸಿಲಿನಲ್ಲಿ ಎಳೆದ ಹಾಗೆ.

ಅವಳ ಕಣ್ಣು ನೋಡಿದೆ. ಬೆಳ್ಳಗೆ, ಈಗಷ್ಟೇ ತೊಳೆದಂತೆ.

ರಕ್ತದ ದಾರಿಯವರು ಬಾಗಿಲು ಬಡಿಯುವುದಿಲ್ಲ.
ಹುಟ್ಟಿದ ದಿನವೇ ಅವಳವ್ವನಿಂದ ಬಂದಿರಬೇಕು,
ಇಪ್ಪತ್ಮೂರು ವರ್ಷ ಒಳಗೇ ಕೂತಿದ್ದಾನೆ ಉಸಿರೆತ್ತದೆ.
ಸ್ಟೇಷನ್ ರಸ್ತೆಯ ಮಶಾಕನೊಳಗೆ ಸಿ ಇದ್ದ ಹಾಗೆ.
ಯಾವ ಸೂಜಿ, ಯಾವ ಬ್ಲೇಡು, ಅವನಿಗೇ ನೆನಪಿಲ್ಲ;
ಹನ್ನೆರಡು ವಾರ ಗುಳಿಗೆ ನುಂಗಿದ, ಈಗ ಖಾಲಿ.
ಸಿಗೆ ಲಸಿಕೆಯಿಲ್ಲ, ಬುಡಸಮೇತ ಕೀಳುವ ಗುಳಿಗೆಯಿದೆ.
ಬಿಗೆ ಲಸಿಕೆಯಿದೆ, ಅಂಥ ಗುಳಿಗೆ ಇನ್ನೂ ಇಲ್ಲ.
ಯಾರು ಹೀಗೆ ಪಾಲು ಮಾಡಿದರೋ.
ಡಿಯನ್ನು ನಾನು ಕಂಡಿಲ್ಲ. ಬಿ ಇರುವ ಮನೆಗಷ್ಟೇ
ಬೆನ್ನೇರಿ ಬರುತ್ತಾನೆ, ಸ್ವಂತದ ಕೀಲಿಯಿಲ್ಲದವನು.

ಎಂಟು ದಿನ ಬಿಟ್ಟು ಅವರ ಮನೆಗೆ ಹೋದೆ.
"ನಂದು ತಾಟು ಬ್ಯಾರೆ ಮಾಡ್ಯಾರ್ರಿ."
ಗೋಡೆಯ ಗೂಟಕ್ಕೆ ಅವಳ ಚರಿಗೆ, ಒಂಟಿ.
ಅತ್ತ ಹುಡುಗ, ಕೈ ತೊಳೆಯದೆ,
ಎಲ್ಲರ ರೊಟ್ಟಿ ಬುಟ್ಟಿಗೆ ಕೈ ಹಾಕುತ್ತಿದ್ದ!
ತಾಟಿನಿಂದ ಬರುವವನು ಅವನಲ್ಲಿದ್ದ, ಇವಳಲ್ಲಲ್ಲ.
ಹೇಗೆ ಹೇಳಲಿ? ಅವಳು ಅರ್ಧ ಕುಡಿದಿಟ್ಟ ಚಹಾ
ಎತ್ತಿಕೊಂಡು ಕುಡಿದೆ, ಅತ್ತೆ ನೋಡುತ್ತಿರುವಾಗ.
ಸಕ್ಕರೆ ವಿಪರೀತ.
ಆಮೇಲೆ ಹುಡುಗನ ಕೈಗೆ ಸಾಬೂನು ಕೊಟ್ಟೆ.

ಕಟುಕರ ಅಂಗಡಿಯಲ್ಲಿ ಅದಕ್ಕೆ ಕಲೇಜಿ ಅನ್ನುತ್ತಾರೆ.
ನಾವು ಕಾಳಜಿ ಅಂದರೆ ಬೇರೆಯೇ. ಬೇರೆಯೇನು,
ಒಂದಕ್ಷರ ಆಚೀಚೆ.

ಕಲಬುರಗಿಯಿಂದ ಕೊನೆಯ ಬಸ್ಸಿಗೆ
ಐಸ್ ಡಬ್ಬದೊಳಗೆ ಒಂದು ಪುಟ್ಟ ಶೀಶೆ ಬಂತು.
ಹುಟ್ಟಿ ಮೂರು ತಾಸಿಗೆ ಕೂಸಿನ
ಎರಡೂ ತೊಡೆಗೆ ಒಂದೊಂದು ಸೂಜಿ. ಊರೇ ಏಳುವಂತೆ ಅತ್ತಿತು.
"ಇದಕ್ಕ ಬರಂಗಿಲ್ಲಲ್ರಿ?"
"ಇನ್ನೂ ಸೂಜಿ ಅದಾವ. ವರ್ಷ ತುಂಬಲಿ, ನೋಡೋಣು."
ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಕೂಸಿನ ಮುಖ ತುಸು ಹಳದಿ.
ಅತ್ತೆ ವಾಡಿಯವನ ಹೆಸರೆತ್ತಿದಳು.
ಡಾಕ್ಟರು ಒತ್ತಿ ನೋಡಿ, ರಕ್ತ ನೋಡಿ,
ಎಳೆಗೂಸಿನ ಹಳದಿ, ಹಾಲು ಕುಡಿಸಿರಿ ಅಂದರು.
ಮೋನಮ್ಮ ನಕ್ಕಳು. ಹಳದಿಗೆ ಹೆದರುವುದನ್ನು
ಅವಳು ಆಗಲೇ ಬಿಟ್ಟಿದ್ದಳು.

ಮನೆಯ ಕಟ್ಟೆಯ ಪರಸಿಯ ಮೇಲೆ
ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದಿದ್ದಾಳೆ,
ಆದ ಸೂಜಿಗಳಿಗೆ.
ಪಕ್ಕದಲ್ಲಿ ಜಾಗ ಬಿಟ್ಟಿದ್ದಾಳೆ. ಅಲ್ಲಿ ಚಪ್ಪಲಿ ಬಿಟ್ಟರೆ ಬೈಯುತ್ತಾಳೆ.