ತೂಕದ ಪುಸ್ತಕ

ಔರಾದಿನ ಈ ಕಡೇ ಊರಿಗೆ ನಾನು ಬಂದ ಹೊಸತರಲ್ಲಿ
ಹೆಣ್ಣುಕೂಸು ತೂಕ ಹಿಡಿಯುತ್ತಿರಲಿಲ್ಲ.
ಜ್ವರ ಬಂದರೆ ಅಣ್ಣನಿಗೆ ಬಾಡಿಗೆ ಜೀಪು,
ತಂಗಿಗೆ ಬೇವಿನ ಹೊಗೆ.
ಬ್ಯಾಸಗಿ ಮುಗಿಯುವುದರೊಳಗೆ ಪುಸ್ತಕದಲ್ಲಿ ಕೆಂಪು ಶಾಯಿ:
ವಾಂತಿಭೇದಿ, ವಾಂತಿಭೇದಿ,
ಕಾರಣ ತಿಳಿಯದು.

ಆಮೇಲೆ ಗಡಿಯಾಚೆ ಒಂದು ಮಷೀನು ಬಂತು.
ನಸುಕಿನ ಬಸ್ಸಿಗೆ ಹೋದವರು
ಸಂಜೆ ಪೇಢೆ ತಂದರೆ ಒಂದು ಸುದ್ದಿ,
ಬರಿಗೈಲಿ ಬಂದು ಮೂರು ದಿನ ಮಲಗಿದರೆ ಇನ್ನೊಂದು.
ಯಾರೂ ಕೇಳಲಿಲ್ಲ.
ನಾನೂ.

ಕೆಂಪು ಶಾಯಿ ಬಾಟಲಿಯಲ್ಲೇ ಒಣಗಿತು.
ಹುಟ್ಟಿದ ನಾಲ್ಕೇ ಹುಡುಗಿಯರು ದುಂಡದುಂಡಗೆ,
ಕಾಲಿಗೆ ಗೆಜ್ಜೆ, ಕಣ್ಣಿಗೆ ಕಾಡಿಗೆ,
ತಕ್ಕಡಿಯ ಮುಳ್ಳು ಹಸಿರಿನಲ್ಲಿ.
ಹೆಣ್ಣುಕೂಸಿನ ಸಾವು ಸೊನ್ನೆ ಎಂದು
ಬೀದರಿನ ಸಾಹೇಬರು ನನಗೆ ಶಾಲು ಹೊದಿಸಿದರು.
ಗಂಡು ಹದಿನಾಲ್ಕು, ಹೆಣ್ಣು ನಾಲ್ಕು:
ಆ ಪುಟ ಅವರು ತಿರುವಲಿಲ್ಲ.
ಸತ್ತವರಿಗೆ ಕಾಲಂ ಉಂಟು,
ಬಾರದವರಿಗಿಲ್ಲ.
ಆ ಶಾಲು ಇನ್ನೂ ಪ್ಲಾಸ್ಟಿಕ್ಕಿನಲ್ಲೇ ಇದೆ.

ನಿನ್ನೆ ಪ್ರಯಾಗಬಾಯಿಯ ಸೊಸೆ ಮೂರನೆಯದನ್ನೂ ಹೆಣ್ಣೇ ಹೆತ್ತಳು.
ಬಸ್ಸಿನ ರೊಕ್ಕ ಇತ್ತಂತೆ, ಮಷೀನಿನದು ಕೂಡಿರಲಿಲ್ಲ.
ಅತ್ತೆ ಗೋಡೆಗೆ ಮುಖ ಮಾಡಿ,
"ಸಾಕವ್ವ ಅಂತ ಬರ್ಕೋರಿ, ನರ್ಸಬಾಯಿ. ಸಾಕಾಗ್ಯಾದ."

ಬರೆದೆ. ಎರಡು ಕಿಲೋ ನೂರು, ಅಂಗಿ ಬಿಚ್ಚಿ.
ಸಾಕು ಅಂದರೆ ಮುಗಿಸು ಅಂತ ಅಷ್ಟೇ ಅಲ್ಲ ಅತ್ತಿ,
ಸಲಹು ಅಂತಲೂ ಹೌದಲ್ಲ,
ಅನ್ನಬೇಕೆಂದಿದ್ದೆ.

"ಸೋಮವಾರ ಮತ್ತ ತೂಗ್ತೀನಿ" ಅಂದೆ,
ಹೆದರಿಸುವ ಹಾಗೆ.
"ಅದರ ಮರುವಾರನೂ."